ಸೀದ ಅನ್ನಕ್ಕೊಂದು ಕಾಲ

ಅನ್ನ ತಳ ಹಿಡಿದರೆ ನೀವೇನು ಮಾಡುತ್ತೀರಿ? ಮೊದಲು, ಹೊರಗೆ ಕೂತವರಿಗೆ ವಾಸನೆ ಹೋಗದಿರಲಿ ಅಂತ ಅಡಿಗೆಮನೆಯ ಕಿಟಕಿ ತೆಗೆಯುತ್ತೀರಿ. ಆಮೇಲೆ ಮೇಲಿನ ಬಿಳಿ ಅನ್ನವನ್ನು ಹುಷಾರಾಗಿ ಬೇರೆ ಪಾತ್ರೆಗೆ ತೆಗೆಯುತ್ತೀರಿ. ತಳಕ್ಕೆ ಅಂಟಿಕೊಂಡ ಚಕ್ಕೆಗೆ ನೀರು ಹೊಯ್ದು ಮೂಲೆಗಿಡುತ್ತೀರಿ. ಇಲ್ಲವೇ ಎಲ್ಲರ ಊಟವಾದ ಮೇಲೆ, "ಸುಮ್ಮನೆ ಚೆಲ್ಲೋದ್ಯಾಕೆ" ಅಂತ ಅದಕ್ಕೊಂದಿಷ್ಟು ಮಜ್ಜಿಗೆ ಕಲಸಿಕೊಂಡು ನೀವೇ ಉಂಡು ಮುಗಿಸುತ್ತೀರಿ. ನನಗೆ ಗೊತ್ತು ಬಿಡಿ, ನಾನೂ 35 ವರ್ಷ ಹಾಗೇ ಮಾಡಿದವಳು.

ಆ ಸೀದ ಚಕ್ಕೆಗಾಗಿ ಜನ ರಸ್ತೆಯಲ್ಲಿ ಸಾಲು ನಿಂತು, ದುಡ್ಡು ಕೊಟ್ಟು, ಕೆರೆದು ಕೆರೆದು ತಿನ್ನುವ ಊರೊಂದಿದೆ ಅಂದರೆ ನಂಬುತ್ತೀರಾ? ಹೋದ ಜನವರಿಯಲ್ಲಿ ಹಾಂಗ್‌ಕಾಂಗಿಗೆ ಹೋಗಿ ನೋಡುವ ತನಕ ನಾನೂ ನಂಬಿರಲಿಲ್ಲ.

ಹಾಂಗ್‌ಕಾಂಗಿನಲ್ಲಿ ನನ್ನ ಮಗಳು, ಅಳಿಯ ಇದ್ದಾರೆ. ಮೊಮ್ಮಗನನ್ನು ನೋಡುವ ನೆಪ ಮಾಡಿಕೊಂಡು 12 ದಿನದ ಮಟ್ಟಿಗೆ ತಿಪಟೂರಿನಿಂದ ಹೊರಟೆ. ಹೊರಡುವ ಹಿಂದಿನ ದಿನ ಮನೆಗೆ ಬಂದವರು ನನ್ನ ಬಾಲ್ಯದ ಗೆಳತಿಯ ಅಣ್ಣ. ನಾನೂ ಅವಳೂ ತಿಪಟೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮದುವೆಯಾಗಿ ಆರು ವರ್ಷ ಹಳ್ಳಿಯಲ್ಲಿ ಅತ್ತೆಮನೆಯಲ್ಲಿದ್ದು, 1991ರಲ್ಲಿ ಗಂಡನ ಹಿಂದೆ ಹಾಂಗ್‌ಕಾಂಗಿಗೆ ಹೋದವಳು ಅಲ್ಲೇ ಉಳಿದಳು. ಮೂರು ವರ್ಷದ ಹಿಂದೆ ಯಜಮಾನರು ತೀರಿಕೊಂಡರು. ಮಗ ಕೆನಡಾದಲ್ಲಿ. ಇವಳೊಬ್ಬಳೇ ಅಲ್ಲಿ.

ಅಣ್ಣಯ್ಯ ಒಂದು ಡಬ್ಬ ಕೊಬ್ಬರಿ ಮಿಠಾಯಿ, ಒಂದು ಕಟ್ಟು ಹಪ್ಪಳ ಕೊಟ್ಟು ಹೇಳಿದರು: "ನಾನು ಹೇಳಿದರೆ ಅವಳು ಫೋನ್ ಇಟ್ಟುಬಿಡ್ತಾಳಮ್ಮ. ನೀನು ಹೇಳಿದರೆ ಕೇಳ್ತಾಳೆ. ಇಲ್ಲಿ ಮನೆ ಇದೆ, ತೋಟ ಇದೆ, ಅತ್ತಿಗೆ ಇದ್ದಾಳೆ. ಒಂಟಿ ಹೆಂಗಸು ಆ ಪರದೇಶದಲ್ಲಿ ಯಾಕಿರಬೇಕು? ಕರಕೊಂಡು ಬಂದುಬಿಡು."

ನನಗೂ ಅದೇ ಸರಿ ಅನ್ನಿಸಿತ್ತು. ಆಗಲಿ ಅಂತ ಮಾತು ಕೊಟ್ಟೇ ವಿಮಾನ ಹತ್ತಿದೆ.

ಹಾಂಗ್‌ಕಾಂಗ್ ಅಂದರೆ ಒಂದೇ ನೆಲವಲ್ಲ. ಹಾಂಗ್‌ಕಾಂಗ್ ದ್ವೀಪ ಒಂದು ಕಡೆ, ಕೌಲೂನ್ ಅನ್ನುವ ಭಾಗ ಇನ್ನೊಂದು ಕಡೆ, ನಡುವೆ ಸಮುದ್ರ. ಮಗಳ ಮನೆ ದ್ವೀಪದಲ್ಲಿ, ಗೆಳತಿಯ ಮನೆ ಕೌಲೂನಿನಲ್ಲಿ. ಈಗ ಸಮುದ್ರದ ಅಡಿಯಲ್ಲೇ ರೈಲು ಓಡುತ್ತದೆ. ಆದರೂ ಗೆಳತಿ ಫೋನಿನಲ್ಲಿ, "ರೈಲು ಬೇಡ ಕಣೇ, ಸ್ಟಾರ್ ಫೆರಿಯಲ್ಲೇ ಬಾ, ಆಚೆ ದಡದಲ್ಲಿ ನಾನು ನಿಂತಿರ್ತೀನಿ" ಅಂದಳು. ಹಸಿರು ಬಿಳಿ ಬಣ್ಣದ ಹಳೇಕಾಲದ ದೋಣಿ ಅದು. ಮರದ ಬೆಂಚಿನ ಬೆನ್ನೊರಗನ್ನು ಆಚೆ ಈಚೆ ಹೊರಳಿಸಿ, ದೋಣಿ ಯಾವ ದಿಕ್ಕಿಗೆ ಹೋಗುತ್ತದೋ ಆ ದಿಕ್ಕಿಗೆ ಮುಖ ಮಾಡಿ ಕೂರಬಹುದು. ಹತ್ತು ನಿಮಿಷದ ಪಯಣ ಅಷ್ಟೆ. ಈ ದೋಣಿ ಕಂಪನಿಯನ್ನು 1888ರಲ್ಲಿ ಶುರು ಮಾಡಿದವರು ನಮ್ಮ ದೇಶದಿಂದ ಹೋದ ಪಾರ್ಸಿಯೊಬ್ಬರು ಅಂತ ಅಳಿಯ ಹೇಳಿದಾಗ ನನಗೆ ಹೆಮ್ಮೆಯಾಯಿತು. ಅವರ ಹೆಸರು ಕೇಳಿ: ದೋರಾಬ್‌ಜಿ ನವರೋಜಿ ಮಿಠಾಯಿವಾಲಾ! ಮಿಠಾಯಿವಾಲಾರ ದೋಣಿಯಲ್ಲಿ ಮಿಠಾಯಿ ಡಬ್ಬ ತೊಡೆಯ ಮೇಲಿಟ್ಟುಕೊಂಡೇ ಸಮುದ್ರ ದಾಟಿದೆ.

ದಡದಲ್ಲಿ ಅವಳು ನಿಂತಿದ್ದಳು. ಕೂದಲು ಕತ್ತರಿಸಿಕೊಂಡಿದ್ದಾಳೆ, ಪ್ಯಾಂಟು ಸ್ವೆಟರು ಹಾಕಿದ್ದಾಳೆ. ಬಾಯಿ ತೆರೆದರೆ ಮಾತ್ರ ಅದೇ ತಿಪಟೂರು. "ಏನೇ, ಎಷ್ಟು ದಪ್ಪಗಾಗಿದೀಯ!" ಅಂದಳು. ಇಬ್ಬರಿಗೂ ಕಣ್ಣಲ್ಲಿ ನೀರು.

ಅಲ್ಲಿಂದ ರೈಲಿನಲ್ಲಿ ಎರಡನೇ ಸ್ಟೇಷನ್ನು ಯಾವ್ ಮಾ ತೇ. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಒಂದು ಹಳೆಯ ದೇವಸ್ಥಾನ. ಟಿನ್ ಹಾವ್ ಅಂತ ದೇವಿಯ ಹೆಸರು. ಸಮುದ್ರಕ್ಕೆ ಹೋದವರನ್ನು ಕಾಯುವ ತಾಯಿ. ಗುಡಿಯ ಮುಂದೆ ದೊಡ್ಡ ದೊಡ್ಡ ಆಲದ ಮರಗಳು, ಅವುಗಳ ಕೆಳಗೆ ಚದುರಂಗ ಆಡುತ್ತಾ ಕೂತ ಮುದುಕರು. ಭಾಷೆಯೊಂದು ಬಿಟ್ಟರೆ ನಮ್ಮೂರ ಅರಳೀಕಟ್ಟೆಯೇ ಅನ್ನಿ! ಈ ಗುಡಿಯಿಂದಲೇ ಪಕ್ಕದ ಬೀದಿಗೆ ಟೆಂಪಲ್ ಸ್ಟ್ರೀಟ್ ಅನ್ನುವ ಹೆಸರು. ಸಂಜೆಯಾದರೆ ಬೀದಿಯ ತುಂಬ ಸಂತೆ. ಕೈಗಡಿಯಾರ, ಬಟ್ಟೆ, ಆಟದ ಸಾಮಾನು, ಕೈ ನೋಡಿ ಭವಿಷ್ಯ ಹೇಳುವವರು. ಅದರ ನಡುವೆ ಸಾಲಾಗಿ ಊಟದ ಅಂಗಡಿಗಳು.

ಜನವರಿಯೆಂದರೆ ಅಲ್ಲಿ 15-16 ಡಿಗ್ರಿ. ನಮ್ಮ ಕಡೆಯ ಧನುರ್ಮಾಸದ ಬೆಳಗಿನ ಚಳಿ, ಜೊತೆಗೆ ಸಮುದ್ರದ ಗಾಳಿ. "ಈ ಚಳಿಗೆ ಇಲ್ಲಿಯವರು ತಿನ್ನೋದು ಒಂದೇ ಕಣೇ, ಗಡಿಗೆ ಅನ್ನ" ಅಂತ ಅವಳು ಒಂದು ಅಂಗಡಿಯ ಮುಂದೆ ನಿಲ್ಲಿಸಿದಳು. ಅವರ ಭಾಷೆಯಲ್ಲಿ ಅದು ಬೋ ಜೈ ಫಾನ್. ಬೋ ಅಂದರೆ ಗಡಿಗೆ, ಜೈ ಅಂದರೆ ಪುಟ್ಟದು, ಫಾನ್ ಅಂದರೆ ಅನ್ನ. ಫಾನ್ ಅಂದರೆ ಊಟವೂ ಹೌದಂತೆ. ಎದುರು ಸಿಕ್ಕವರನ್ನು ಅವರೂ ನಮ್ಮ ಹಾಗೆ "ಊಟ ಆಯ್ತಾ?" ಅಂತಲೇ ಕೇಳುತ್ತಾರಂತೆ. ಅನ್ನ ಉಣ್ಣುವ ಜನ ಎಲ್ಲಿದ್ದರೂ ಒಂದೇ, ಅಲ್ಲವೇ?

ಅಂಗಡಿಯ ಬಾಗಿಲಲ್ಲೇ ಅಡಿಗೆ. ಸಾಲು ಒಲೆಗಳ ಮೇಲೆ ಇಪ್ಪತ್ತು ಇಪ್ಪತ್ತೈದು ಪುಟ್ಟ ಗಡಿಗೆಗಳು, ಪ್ರತಿಯೊಂದಕ್ಕೂ ಒಂದು ಹಿಡಿ, ಒಂದು ಮುಚ್ಚಳ. ಹೊರಗೆ ಒರಟು ಮಣ್ಣು, ಒಳಗೆ ನುಣುಪಾದ ಮೆರುಗು. ಬಿರುಕು ಬಿಟ್ಟರೂ ಚೂರಾಗಿ ಬೀಳದ ಹಾಗೆ ಸುತ್ತಲೂ ತಂತಿ ಬಿಗಿದಿದ್ದಾರೆ. ಹಿಂದೆ ಎಲ್ಲಾ ಇದ್ದಿಲ ಒಲೆಯೇ. ಈಗ ಕೆಲವು ಕಡೆ ಮಾತ್ರ ಇದ್ದಿಲು, ಮಿಕ್ಕ ಕಡೆ ಗ್ಯಾಸು.

ನಾನು ಅಲ್ಲೇ ನಿಂತು ನೋಡಿದೆ. ಅಡಿಗೆಯವಳ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ! ಮೊದಲೇ ನೆನೆಸಿಟ್ಟ ಅಕ್ಕಿಗೆ ಅಳತೆಯ ನೀರು ಹಾಕಿ ಜೋರು ಉರಿಗೆ ಇಡುತ್ತಾರೆ. ನೀರು ಇಂಗಿ ಅನ್ನದ ಮೇಲೆ ಸಣ್ಣ ಸಣ್ಣ ತೂತು ಕಾಣುವಾಗ ಮೇಲೆ ಹಾಕುವ ಪದಾರ್ಥ ಹರಡಿ ಮುಚ್ಚುತ್ತಾರೆ. ಉರಿ ತಗ್ಗುತ್ತದೆ. ಆಮೇಲೆ ಬರುವುದೇ ಕೈಚಳಕ. ಅಂಚಿಗೆ ಒಂದಿಷ್ಟು ಎಣ್ಣೆ ಬಿಟ್ಟು, ಗಡಿಗೆಯನ್ನು ಒಂದು ಮಗ್ಗುಲಿಗೆ ವಾಲಿಸಿ ಉರಿಗೆ ಹಿಡಿದು, ಸ್ವಲ್ಪ ಹೊತ್ತಾದ ಮೇಲೆ ತಿರುಗಿಸಿ, ಇನ್ನೊಂದು ಮಗ್ಗುಲು. ಹೀಗೆ ಸುತ್ತಲೂ. ನಾವು ತಳ ಹಿಡಿಯದಿರಲಿ ಅಂತ ಪರದಾಡಿದರೆ, ಅವರು ತಳವೂ ಹಿಡಿಯಲಿ, ಮಗ್ಗುಲೂ ಹಿಡಿಯಲಿ ಅಂತ ಬೆವರು ಸುರಿಸುತ್ತಾರೆ!

ಒಳಗೆ ಬಿಡಿ ಬಿಡಿ ಮೇಜು ಅಂತೇನಿಲ್ಲ, ಜಾಗ ಇದ್ದ ಕಡೆ ಕೂರುವುದು. ನಮ್ಮ ಮೇಜಿನಲ್ಲಿ ಆಗಲೇ ಒಬ್ಬ ಅಜ್ಜಿ ಕೂತಿದ್ದಳು. ಎಪ್ಪತ್ತೈದು ದಾಟಿರಬಹುದು. ಒಬ್ಬಳೇ. ಎದುರಿಗೆ ಒಂದು ಗಡಿಗೆ, ಒಂದು ಲೋಟ ಟೀ. ಯಾರ ಕಡೆಗೂ ನೋಡದೆ, ಸಂಕೋಚ ಪಡದೆ ಊಟ ಮಾಡುತ್ತಿದ್ದಳು. ನಾನು ಈ ವಯಸ್ಸಿನವರೆಗೆ ಒಬ್ಬಳೇ ಹೋಟೆಲಿಗೆ ಹೋಗಿ ಊಟ ಮಾಡಿದವಳಲ್ಲ. ನೀವು ಮಾಡಿದ್ದೀರಾ? ನಮ್ಮ ಕಡೆ ಹೆಂಗಸರು ಅಂದರೆ 'ಫ್ಯಾಮಿಲಿ ರೂಂ' ಪರದೆಯ ಹಿಂದೆ, ಅದೂ ಜೊತೆಗೆ ಗಂಡೋ ಮಕ್ಕಳೋ ಇದ್ದರೆ.

ಗೆಳತಿ ಬಿಸಿ ಟೀಯಿಂದ ಬಟ್ಟಲು, ಚಮಚ, ಕಡ್ಡಿ ಎಲ್ಲಾ ತೊಳೆದಳು. ಅಲ್ಲಿ ಊಟಕ್ಕೆ ಮುಂಚೆ ಹಾಗೆ ಮಾಡುವುದು ರೂಢಿ. ಆಮೇಲೆ ಅಂಗಡಿಯಾಕೆಯ ಹತ್ತಿರ ಅವರ ಭಾಷೆಯಲ್ಲಿ ಬಡಬಡ ಮಾತಾಡಿದಳು. ಈ ಗಡಿಗೆಗಳ ಮೇಲೆ ಸಾಮಾನ್ಯವಾಗಿ ಹಾಕುವುದು ಕೋಳಿ, ಒಣಗಿಸಿದ ಹಂದಿ ಮಾಂಸ, ಮೀನು ಇಂಥದ್ದೇ. ನನ್ನಂಥ ಸಸ್ಯಾಹಾರಿಗಳು ಬಾಯಿಬಿಟ್ಟು ಕೇಳಬೇಕು. ಸಸ್ಯಾಹಾರಕ್ಕೆ ಅಲ್ಲಿ 'ಜಾಯ್' ಅನ್ನುತ್ತಾರೆ. ಅಷ್ಟು ಹೇಳಿದರೂ ಸಾಲದು. ಬೇಯಿಸಿದ ಸೊಪ್ಪಿನ ಮೇಲೆ ಹೊಯ್ಯುವ ಕಪ್ಪು ಸಾರು ಎಷ್ಟೋ ಸಲ ಸಿಂಪಿಯ ಸಾಸ್ ಆಗಿರುತ್ತದೆ, ಅನ್ನಕ್ಕೆ ಬಿಡುವ ಎಣ್ಣೆ ಹಂದಿಯ ಕೊಬ್ಬಾಗಿರಬಹುದು. ಎರಡನ್ನೂ ಬೇಡ ಅನ್ನಬೇಕು. ನನಗೆ ಒಣ ಅಣಬೆ ಮತ್ತು ಸೊಪ್ಪು, ಅವಳಿಗೆ ಅಣಬೆಯ ಮೇಲೆ ಒಂದು ಮೊಟ್ಟೆ. "ಮೊಟ್ಟೆ ತಿನ್ತೀನಿ ಕಣೇ, ಅಣ್ಣನಿಗೆ ಹೇಳಬೇಡ" ಅಂತ ಪಿಸುಗುಟ್ಟಿದಳು. ಗಡಿಗೆಯಲ್ಲಿ ನಿನ್ನೆ ಏನು ಬೆಂದಿತ್ತೋ ಅನ್ನುವ ಯೋಚನೆ ನನಗೆ ಬಂತು, ಸುಳ್ಳು ಯಾಕೆ ಹೇಳಲಿ? ದೇವರ ಮೇಲೆ ಭಾರ ಹಾಕಿದೆ.

ಅರ್ಧ ಗಂಟೆ ಕಾಯಬೇಕಾಯಿತು. ನೀವು ಹೇಳಿದ ಮೇಲೆಯೇ ನಿಮ್ಮ ಹೆಸರಿನ ಅಕ್ಕಿ ಒಲೆ ಏರುವುದು. ಅಣ್ಣಯ್ಯನ ಮಾತು ಎತ್ತಲು ಇದೇ ಸಮಯ ಅಂದುಕೊಂಡು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಗಡಿಗೆಗಳು ಬಂದವು.

ಮುಚ್ಚಳ ತೆಗೆದಾಗ ಬಂದ ಹಬೆ, ಆ ಪರಿಮಳ! ಹುರಿದ ಅಕ್ಕಿಯದೂ ಅಲ್ಲ, ಬೆಂದ ಅನ್ನದ್ದೂ ಅಲ್ಲ, ಎರಡರ ನಡುವಿನದು. ಗಡಿಗೆ ಇನ್ನೂ ಚಟಚಟ ಅನ್ನುತ್ತಿತ್ತು. ಅವಳು ಕಪ್ಪಗೆ ಸಿಹಿಯಾದ ಸೋಯಾ ಸಾಸನ್ನು ಸುತ್ತಲೂ ಬಿಟ್ಟು, ಮತ್ತೆ ಮುಚ್ಚಿ, "ಎರಡು ನಿಮಿಷ ತಡಿ" ಅಂದಳು. ಆಮೇಲೆ ಕಲಸಿ ಉಂಡೆವು. ಮೇಲಿನ ಅನ್ನ ಮಲ್ಲಿಗೆಯ ಹಾಗೆ ಮೆತ್ತಗೆ. ಅಣಬೆಯ ರಸ ಅದಕ್ಕೆ ಇಳಿದಿತ್ತು.

ಅನ್ನ ಮುಗಿದು ತಳ ಕಂಡಿತು. ಹೊಂಬಣ್ಣದ ಚಕ್ಕೆ, ಅಂಚಿನಲ್ಲಿ ಕಂದು. ನಾನು ಅಭ್ಯಾಸಬಲದಿಂದ ಗಡಿಗೆಯನ್ನು ಪಕ್ಕಕ್ಕೆ ಸರಿಸಿದೆ. ಎದುರಿನ ಅಜ್ಜಿ "ಐಯಾ!" ಅಂದಳು. ಕೈಚಾಚಿ ನನ್ನ ಗಡಿಗೆಯನ್ನು ತನ್ನ ಕಡೆ ಎಳೆದುಕೊಂಡು, ಚಮಚದಿಂದ ಅಂಚನ್ನು ಎಬ್ಬಿಸಿ, ಒಂದು ಅಗಲವಾದ ಚಕ್ಕೆಯನ್ನು ನನ್ನ ಬಟ್ಟಲಿಗೆ ಹಾಕಿದಳು. ತಳಕ್ಕೆ ಗಟ್ಟಿಯಾಗಿ ಅಂಟಿದ್ದಕ್ಕೆ ಒಂದಿಷ್ಟು ಬಿಸಿ ಟೀ ಬಿಟ್ಟು ಬಿಡಿಸಿದಳು. ಇದಕ್ಕೋಸ್ಕರವೇ ಅಲ್ಲವೇನೇ ಬಂದದ್ದು, ಅನ್ನುವ ಹಾಗೆ ನಕ್ಕಳು. ಬಾಯಿಗೆ ಹಾಕಿದರೆ ಗರಗರ. ಹುರಿಗಾಳಿನ ರುಚಿ, ಉಪ್ಪು ಸಿಹಿ ಎರಡೂ. ಅವರು ಇದಕ್ಕೆ ಫಾನ್ ಜಿಯು ಅನ್ನುತ್ತಾರೆ, ಸೀದ ಅನ್ನ ಅಂತಲೇ ಅರ್ಥ. ಅವರೊಬ್ಬರೇ ಅಲ್ಲ, ಇರಾನಿನವರಿಗೂ ಕೊರಿಯಾದವರಿಗೂ ಅನ್ನದ ಈ ಚಕ್ಕೆಯೆಂದರೆ ಪ್ರಾಣ ಅಂತ ಆಮೇಲೆ ಮಗಳು ಹೇಳಿದಳು.

ಗೆಳತಿ ತನ್ನ ಚಕ್ಕೆಯನ್ನು ಮುರಿಯುತ್ತಾ, ತಲೆ ಎತ್ತದೆ ಹೇಳಿದಳು:

"ಮೊದಲನೇ ಸಲ ಇವರು ನನ್ನನ್ನು ಇಂಥ ಅಂಗಡಿಗೆ ಕರಕೊಂಡು ಬಂದಾಗ ನಾನು ಅತ್ತುಬಿಟ್ಟೆ ಕಣೇ. 91ರ ಚಳಿಗಾಲ. ಇಷ್ಟು ದೂರ ಬಂದರೂ ನನ್ನ ಪಾಲಿಗೆ ಸೀದದ್ದೇ ಬಂತಲ್ಲಾ ಅಂತ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅತ್ತೆಮನೆಯಲ್ಲಿ ಹದಿನೆಂಟು ಜನ. ಗಂಡಸರದ್ದು ಮೊದಲ ಪಂಕ್ತಿ, ಆಮೇಲೆ ಮಕ್ಕಳು, ಆಮೇಲೆ ಹಿರಿಯ ಹೆಂಗಸರು, ತೋಟದ ಆಳುಗಳು. ಎಲ್ಲಾ ಮುಗಿದು ಇವಳು ತಟ್ಟೆ ಹಾಕಿಕೊಳ್ಳುವಾಗ ಮಧ್ಯಾಹ್ನ ಮೂರು. ತಪ್ಪಲೆಯಲ್ಲಿ ಉಳಿದಿರುತ್ತಿದ್ದುದು ತಳದ ಚಕ್ಕೆ. ಬಸುರಿಯಾಗಿದ್ದಾಗ ಒಂದು ದಿನ ಅದೂ ಇರಲಿಲ್ಲ. ಗಂಡ ಊರಲ್ಲಿರಲಿಲ್ಲ. ಒಂದು ಚೊಂಬು ನೀರು ಕುಡಿದು ಅಟ್ಟದ ಮೇಲೆ ಹೋಗಿ ಮಲಗಿದಳಂತೆ.

"ನನಗ್ಯಾಕೆ ಒಂದು ಮಾತು ಹೇಳಲಿಲ್ಲವೇ?" ಅಂದೆ. "ಹತ್ತು ಮೈಲಿ ದೂರದಲ್ಲಿದ್ದೆನಲ್ಲ!"

ಅವಳು ನಕ್ಕಳು. "ನೀನು ಬಂದಿದ್ದೆಯಲ್ಲ ಅವತ್ತು! ಮರೆತೆಯಾ? ನಾನೇ ಬಡಿಸಿದೆ. ಹುಳಿ ಚೆನ್ನಾಗಿದೆ ಅಂತ ಎರಡನೇ ಸಲ ಅನ್ನ ಹಾಕಿಸಿಕೊಂಡೆ ಕಣೇ ನೀನು."

ಗೆಳತಿಯರೇ, ಅವಳು ಕೊಂಕಾಗಿ ಹೇಳಲಿಲ್ಲ. ತಮಾಷೆಗೇ ಹೇಳಿದಳು. ಆದರೆ ನನ್ನ ಬಾಯಲ್ಲಿದ್ದ ತುತ್ತು ಒಳಗೆ ಹೋಗಲಿಲ್ಲ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಮನೆಗೆ ಬಂದು, "ಎಂಥ ತುಂಬಿದ ಮನೆ ಸೇರಿದ್ದಾಳೆ, ಪುಣ್ಯವಂತೆ" ಅಂತ ನಮ್ಮಮ್ಮನ ಹತ್ತಿರ ಹೊಗಳಿದ್ದೆ. ಬಡಿಸಿದವಳು ಉಂಡಳೋ ಇಲ್ಲವೋ ಅಂತ ಕೇಳಬೇಕು ಅನ್ನುವುದೇ ತೋಚಿರಲಿಲ್ಲ.

"ಇವರು ಅವತ್ತು ಇಲ್ಲೇ ನನಗೆ ಸಮಾಧಾನ ಮಾಡಿದರು" ಅಂತ ಅವಳು ಮುಂದುವರಿಸಿದಳು. "ಅಳಬೇಡ, ಸುತ್ತ ನೋಡು, ಎಲ್ಲರೂ ಇದನ್ನೇ ಆಸೆಪಟ್ಟು ತಿಂತಿದಾರೆ, ಇದು ಉಳಿದದ್ದಲ್ಲ, ನಿನಗೋಸ್ಕರ ಮಾಡಿದ್ದು, ಅಂದರು. ಆಮೇಲೆ ಪ್ರತಿ ಚಳಿಗಾಲ ಬರ್ತಿದ್ವಿ. ಈಗ ಒಬ್ಬಳೇ ಬರ್ತೀನಿ. ಈ ಅಜ್ಜಿ ಹಾಗೆ." ಸ್ವಲ್ಪ ಸುಮ್ಮನಿದ್ದು, "ಅಣ್ಣ ಏನು ಹೇಳಿಕಳಿಸಿದಾನೆ ನನಗೆ ಗೊತ್ತು. ಹೇಳು, ಕೇಳ್ತೀನಿ" ಅಂದಳು.

ಏನು ಹೇಳಲಿ? ತಿಪಟೂರಿನಲ್ಲಿ ಕೂತು ಯೋಚಿಸಿದಾಗ ಒಂಟಿ ಹೆಂಗಸು ಅನ್ನುವುದೊಂದೇ ಕಂಡಿತ್ತು. ಇಲ್ಲಿ ಎದುರಿಗೆ ಕೂತಿದ್ದವಳು ತನಗೆ ಬೇಕಾದ್ದನ್ನು ಬೇಕಾದಾಗ ಬಿಸಿಬಿಸಿಯಾಗಿ ಉಣ್ಣುವ ಒಬ್ಬ ಮನುಷ್ಯಳು. ಹಾಗಂತ ಅವಳಿಗೆ ಊರಿನ ಆಸೆ ಇಲ್ಲ ಅಂತಲೂ ಅಲ್ಲ. ಕೊಬ್ಬರಿ ಮಿಠಾಯಿ ಡಬ್ಬ ತೆಗೆದು ಮೂಸಿ ನೋಡಿದವಳ ಮುಖ ನಾನು ನೋಡಿದೆ.

"ಹಪ್ಪಳ ಕಳಿಸಿದಾರೆ" ಅಂದೆ ಅಷ್ಟೆ.

ಅವಳಿಗೆ ಅರ್ಥವಾಯಿತು. ಮಿಠಾಯಿಯಲ್ಲಿ ಒಂದನ್ನು ಅಜ್ಜಿಗೆ ಕೊಟ್ಟಳು. ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಎದ್ದು ಬರುವಾಗ ಗೆಳತಿ, "ಮಾವಿನ ಕಾಲಕ್ಕೆ ಬರ್ತೀನಿ ಅಂತ ಅಣ್ಣನಿಗೆ ಹೇಳು. ಹದಿನೈದು ದಿನ ಇರ್ತೀನಿ. ಆದರೆ ಊಟಕ್ಕೆ ಎಲ್ಲರ ಜೊತೆ ಮೊದಲ ಪಂಕ್ತಿಯಲ್ಲೇ ಕೂರೋದು. ಅತ್ತಿಗೆಯೂ ನನ್ನ ಪಕ್ಕ ಕೂರಬೇಕು" ಅಂದಳು.

ಊರಿಗೆ ಬಂದು ಹಾಗೇ ಹೇಳಿದೆ. ಅಣ್ಣಯ್ಯ ತುಂಬ ಹೊತ್ತು ಮಾತಾಡಲಿಲ್ಲ. ಒಳಗಿನಿಂದ ಅವರ ಹೆಂಡತಿಯೇ, "ಬರಲಿ, ಕೂರೋಣ" ಅಂದರು.

ಇನ್ನು ನನ್ನ ಮನೆಯ ವಿಷಯ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನಾನೀಗ ಅತ್ತೆ. ನನ್ನ ಸೊಸೆ ಶಾಲೆಯಿಂದ ಬಂದು, ಎಲ್ಲರಿಗೂ ಬಡಿಸಿ, ಕೊನೆಗೆ ಕಟ್ಟೆಯ ಹತ್ತಿರ ನಿಂತೇ ಉಣ್ಣುತ್ತಾಳೆ. ಇಷ್ಟು ದಿನ ನಾನದನ್ನು ನೋಡಿಯೂ ನೋಡಿರಲಿಲ್ಲ. ಬಂದ ವಾರವೇ ಸಂತೆಯಿಂದ ಒಂದು ಪುಟ್ಟ ಗಡಿಗೆ ತಂದೆ. ನಿಮಗೂ ಮಾಡುವ ಮನಸ್ಸಿದ್ದರೆ ಹೀಗೆ ಮಾಡಿ.

ಹೊಸ ಗಡಿಗೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮಾರನೇ ದಿನ ಅದರಲ್ಲಿ ತೆಳ್ಳಗೆ ಗಂಜಿ ಕುದಿಸಿ ಚೆಲ್ಲಿ. ಸಣ್ಣ ರಂಧ್ರಗಳೆಲ್ಲ ಮುಚ್ಚುತ್ತವೆ. ಚೀನಾದವರೂ ಹೊಸ ಗಡಿಗೆಯನ್ನು ಹೀಗೆಯೇ ಪಳಗಿಸುತ್ತಾರೆ. ಅಲ್ಲಿಯ ಹೋಟೆಲುಗಳ ಇಂಗ್ಲಿಷ್ ಪಟ್ಟಿಯಲ್ಲಿ ಗಂಜಿಗೆ 'ಕಾಂಜಿ' ಅಂತ ಬರೆದಿರುತ್ತದೆ. ಆ ಹೆಸರು ಅಲ್ಲಿಗೆ ಹೋದದ್ದು ನಮ್ಮ ದಕ್ಷಿಣ ದೇಶದಿಂದಲೇ!

ಒಂದು ಲೋಟ ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ, ನೀರು ಬಸಿದು, ಒಂದೂವರೆ ಲೋಟ ನೀರು, ಒಂದು ಚಮಚ ಎಳ್ಳೆಣ್ಣೆ, ಚಿಟಿಕೆ ಉಪ್ಪಿನೊಂದಿಗೆ ಗಡಿಗೆಗೆ ಹಾಕಿ. ಮೊದಲು ಸಣ್ಣ ಉರಿ, ಗಡಿಗೆ ಬಿಸಿಯಾದ ಮೇಲೆ ದೊಡ್ಡ ಉರಿ. ನೀರು ಇಂಗಿ ತೂತು ಕಂಡಾಗ, ಹೆಚ್ಚಿ ಬಾಡಿಸಿಟ್ಟ ಅಣಬೆ, ಬೀನ್ಸ್, ಕ್ಯಾರೆಟ್, ನಾಲ್ಕು ಎಳೆ ಶುಂಠಿ ಮೇಲೆ ಹರಡಿ ಮುಚ್ಚಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಆಮೇಲೆ ಅಂಚಿಗೆ ಎಣ್ಣೆ ಬಿಟ್ಟು, ಗಡಿಗೆಯನ್ನು ದಪ್ಪ ಬಟ್ಟೆಯಿಂದ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಇನ್ನು ಐದಾರು ನಿಮಿಷ. ಚಟಚಟ ಸದ್ದು, ಹುರಿದ ಅಕ್ಕಿಯ ವಾಸನೆ ಬಂದರೆ ಇಳಿಸಿ. ಹೊಗೆ ವಾಸನೆ ಬಂದರೆ ತಡವಾಯಿತು ಅಂತ ತಿಳಿಯಿರಿ. ಬಿಸಿ ಗಡಿಗೆಯನ್ನು ಒದ್ದೆ ಕಟ್ಟೆಯ ಮೇಲೆ ಇಡಬೇಡಿ, ಸೀಳುತ್ತದೆ. ಒಣ ಸಿಂಬಿಯ ಮೇಲಿಡಿ. ಎರಡು ಚಮಚ ಸೋಯಾ ಸಾಸಿಗೆ ಅರ್ಧ ಚಮಚ ಬೆಲ್ಲದ ಪುಡಿ ಕರಗಿಸಿ ಮೇಲೆ ಹೊಯ್ದು, ಎರಡು ನಿಮಿಷ ಮುಚ್ಚಿಡಿ.

ನಾನು ಮೊದಲ ಸಲ ಮಾಡಿದಾಗ ಚಕ್ಕೆ ಒಂದು ಕಡೆ ಕರಕಲಾಯಿತು. ಮಗ ಮೂಗು ಮುಚ್ಚಿಕೊಂಡ. ನಾನು ಸೊಸೆಯನ್ನು ಕರೆದು, "ಎಲ್ಲಾ ಅಲ್ಲೇ ಬಿಡು, ಬಾ ಇಲ್ಲಿ ಕೂತುಕೋ" ಅಂದೆ. ಒಳ್ಳೇ ಹೊಂಬಣ್ಣದ ಕಡೆಯ ಚಕ್ಕೆ ಎಬ್ಬಿಸಿ ಅವಳ ತಟ್ಟೆಗೆ ಹಾಕಿದೆ. ಅವಳು ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ತಟ್ಟೆ ನೋಡಿದಳು.

"ಇದು ನನಗಾ ಅತ್ತೆ?" ಅಂದಳು.

"ನಿನಗೇ ಕಣಮ್ಮಾ, ನಿನಗೋಸ್ಕರವೇ ಮಾಡಿದ್ದು. ಬಿಸಿ ಇರುವಾಗಲೇ ತಿನ್ನು."